ಅವ್ವನ ಕೀಲು ನೋವಿಗೆ ಅಕ್ಯುಪಂಕ್ಚರ್ (ಸೂಜಿ ಚಿಕಿತ್ಸೆ) ಮಾಡಿಸಬಹುದಾ? ಮಾಡಿಸಿದವರು ದಯವಿಟ್ಟು ಹೇಳಿ

ರಾಣೇಬೆನ್ನೂರು ಹುಡುಗ:
ಎಲ್ಲರಿಗೂ ನಮಸ್ಕಾರ. ನಮ್ಮವ್ವನಿಗೆ 61 ವರ್ಷ. ಏಳೆಂಟು ವರ್ಷದಿಂದ ಎರಡೂ ಮೊಣಕಾಲು ನೋವು. ಎಕ್ಸ್‌ರೇ ತೆಗೆಸಿದಾಗ ಸವೆದಿದೆ, ಮುಂದೆ ಆಪರೇಷನ್ ಬೇಕಾಗಬಹುದು ಅಂದರು. ಆ ಮಾತು ಕೇಳಿದ ಮೇಲೆ ಅವ್ವ ಆಸ್ಪತ್ರೆ ಕಡೆ ತಲೆ ಹಾಕಿಲ್ಲ. ಮೆಡಿಕಲ್ ಶಾಪ್‌ನಿಂದ ನೋವಿನ ಮಾತ್ರೆ ತರಿಸಿಕೊಂಡು ನುಂಗುತ್ತಾಳೆ. ರಾತ್ರಿ ಎಕ್ಕದ ಎಲೆಗೆ ಹರಳೆಣ್ಣೆ ಸವರಿ, ಬಿಸಿ ಮಾಡಿ ಕಟ್ಟಿಕೊಂಡು ಮಲಗುತ್ತಾಳೆ.

ಈಗ ಆರು ತಿಂಗಳಿಂದ ಕೈ ಬೆರಳೂ ನೋವು. ಬೆಳಿಗ್ಗೆ ಎದ್ದಾಗ ಮುಷ್ಟಿ ಕಟ್ಟಲು ಬರುವುದಿಲ್ಲ. ಹತ್ತು ಗಂಟೆ ಹೊತ್ತಿಗೆ ಸ್ವಲ್ಪ ಸಡಿಲ ಆಗುತ್ತದೆ. ದಿನಾ ಇಪ್ಪತ್ತು ರೊಟ್ಟಿ ಬಡಿಯುತ್ತಿದ್ದವಳು, ಹೋದ ಸಲ ಊರಿಗೆ ಹೋದಾಗ ಅಂಗಡಿ ರೊಟ್ಟಿ ತರಿಸಿದ್ದಳು. ನನಗೆ ಊಟ ಇಳಿಯಲಿಲ್ಲ.

ನಮ್ಮ ಅತ್ತೆಯೊಬ್ಬರು ದಾವಣಗೆರೆಯಲ್ಲಿ ಅಕ್ಯುಪಂಕ್ಚರ್ ಮಾಡಿಸಿಕೊಂಡು ಆರಾಮಾಗಿದ್ದಾರೆ. ಹತ್ತು ಸಿಟಿಂಗ್, ಒಂದಕ್ಕೆ 500 ರೂಪಾಯಿ. ಅವ್ವ ಅದಕ್ಕೆ ಒಪ್ಪಿದ್ದಾಳೆ. ನಿಜವಾಗಿ ಗುಣ ಇದೆಯಾ? ಸೂಜಿಯಿಂದ ತೊಂದರೆ ಏನಾದರೂ? ಬೇರೆ ಮದ್ದು ಇದ್ದರೂ ಹೇಳಿ.

ಕರಾವಳಿ ಅಕ್ಕ:
ತಮ್ಮಾ, ನಾನು ಮಾಡಿಸಿದ್ದೇನೆ. ನನಗೂ ಮೊಣಕಾಲು ಸವೆತವೇ, ವಯಸ್ಸು 57. ಪ್ರಕೃತಿ ಚಿಕಿತ್ಸೆ ಓದಿದ ಡಾಕ್ಟರ್ ಹತ್ತಿರ ಹೋಗಿದ್ದೆ. ಸೂಜಿ ಅಂದರೆ ಇಂಜೆಕ್ಷನ್ ಸೂಜಿ ಅಂದುಕೊಂಡು ಹೆದರಬೇಡಿ. ಕೂದಲಿಗಿಂತ ಸ್ವಲ್ಪ ದಪ್ಪ ಅಷ್ಟೇ. ಒಳಗೆ ತೂತೂ ಇಲ್ಲ, ಔಷಧಿಯೂ ಇಲ್ಲ. ಮೊಣಕಾಲಿನ ಸುತ್ತ, ಕೆಳಗೆ ಮೀನಖಂಡದ ಕಡೆ, ಪಾದದ ಹತ್ತಿರ, ಒಟ್ಟು ಎಂಟು ಹತ್ತು ಸೂಜಿ. ಚುಚ್ಚಿದಾಗ ಇರುವೆ ಕಚ್ಚಿದಷ್ಟು. ಆಮೇಲೆ ಆ ಜಾಗ ಭಾರ ಭಾರ ಅನಿಸುತ್ತದೆ. 25 ನಿಮಿಷ ಹಾಗೇ ಮಲಗಿರಬೇಕು.

ಮೊದಲ ನಾಲ್ಕು ಸಲ ಏನೂ ಗೊತ್ತಾಗಲಿಲ್ಲ. ಆರನೇ ಸಲದ ನಂತರ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯಲಿಲ್ಲ. ಅದು ನಾಲ್ಕೈದು ತಿಂಗಳು ಹಾಗೇ ಇತ್ತು, ಮತ್ತೆ ನಿಧಾನಕ್ಕೆ ನೋವು ಬಂತು. ಸವೆದದ್ದು ತುಂಬುವುದಿಲ್ಲ. ನೋವು ಕಡಿಮೆ ಆಗುತ್ತದೆ, ನನ್ನ ಅನುಭವ ಇಷ್ಟು.

ಗಡಿನಾಡ ಗಣಿ:
ಸುಮ್ನೆ ದುಡ್ಡು ದಂಡ. ನಮ್ಮಪ್ಪನಿಗೆ ಹನ್ನೆರಡು ಸಿಟಿಂಗ್ ಮಾಡಿಸಿದೆವು, ಒಂದು ಪೈಸೆ ಗುಣ ಕಾಣಲಿಲ್ಲ.

ಫ್ರಾಂಕ್‌ಫರ್ಟ್ ಕನ್ನಡಿಗ:
ಇಬ್ಬರ ಮಾತೂ ನಿಜ ಇರಬಹುದು. ಇಲ್ಲಿ ಜರ್ಮನಿಯಲ್ಲಿ ಮೊಣಕಾಲು ಸವೆತದ ನೋವು ಆರು ತಿಂಗಳಿಗಿಂತ ಹಳೆಯದಾಗಿದ್ದರೆ ಸರ್ಕಾರಿ ವಿಮೆಯೇ ಅಕ್ಯುಪಂಕ್ಚರ್ ಖರ್ಚು ಕೊಡುತ್ತದೆ. 2007ರಿಂದ ಇದೆ. ಸಾಮಾನ್ಯವಾಗಿ ಹತ್ತು ಸಲ. ಮಾಡುವವರು ಎಂಬಿಬಿಎಸ್ ಮಟ್ಟದ ಡಾಕ್ಟರೇ ಆಗಿರಬೇಕು, ಮೇಲೆ ಸೂಜಿಯ ತರಬೇತಿ ಬೇರೆ.

ಅದಕ್ಕೂ ಮೊದಲು ದೊಡ್ಡ ಪರೀಕ್ಷೆ ನಡೆಸಿದ್ದರು. 2006ರಲ್ಲಿ ಫಲಿತಾಂಶ ಬಂತು. ಸಾವಿರಕ್ಕೂ ಸ್ವಲ್ಪ ಜಾಸ್ತಿ ಮೊಣಕಾಲು ನೋವಿನವರು. ಒಂದು ಗುಂಪಿಗೆ ಚೀನೀ ಪದ್ಧತಿಯ ಸರಿಯಾದ ಬಿಂದುಗಳಲ್ಲಿ ಸೂಜಿ. ಇನ್ನೊಂದು ಗುಂಪಿಗೆ ಬಿಂದುವಲ್ಲದ ಜಾಗದಲ್ಲಿ ಮೇಲೆ ಮೇಲೆ ಚುಚ್ಚಿದ ಸೂಜಿ. ಮೂರನೆಯವರಿಗೆ ಬರೀ ಮಾತ್ರೆ ಮತ್ತು ಡಾಕ್ಟರ್ ಭೇಟಿ. ಆರು ತಿಂಗಳ ನಂತರ ನೋಡಿದರೆ ಮೊದಲ ಗುಂಪಿನಲ್ಲಿ ಶೇ. 53 ಜನರಿಗೆ ಸುಧಾರಣೆ, ಎರಡನೆಯದರಲ್ಲಿ ಶೇ. 51, ಮೂರನೆಯದರಲ್ಲಿ ಶೇ. 29. ನನ್ನ ಹೆಂಡತಿಯ ಅಮ್ಮನಿಗೆ ಇಲ್ಲೇ ಮಾಡಿಸಿದೆವು, ಅವರಿಗೆ ಒಳ್ಳೆಯದಾಯಿತು.

ಲೆಕ್ಕದ ಮೇಷ್ಟ್ರು:
ಹಾಗಾದರೆ ಎಲ್ಲಿ ಚುಚ್ಚಿದರೂ ಒಂದೇ ಅಂತ ಆಯಿತಲ್ಲ! ಬಿಂದು, ನಾಡಿ, ಶಕ್ತಿಯ ಹರಿವು ಅಂತ ಹೇಳಿ ದುಡ್ಡು ತೆಗೆದುಕೊಳ್ಳುವುದು ತಪ್ಪಲ್ವಾ? ಬ್ರಿಟನ್ನಿನ ಸರ್ಕಾರಿ ಮಾರ್ಗಸೂಚಿ 2022ರಲ್ಲಿ ಕೀಲು ಸವೆತಕ್ಕೆ ಅಕ್ಯುಪಂಕ್ಚರ್ ಬೇಡ ಅಂತಲೇ ಹೇಳಿದೆ.

ಫ್ರಾಂಕ್‌ಫರ್ಟ್ ಕನ್ನಡಿಗ:
ಮೇಷ್ಟ್ರೇ, ಅದೂ ನಿಜ. ಅಮೆರಿಕದ ಕೀಲು ವಾತದ ಡಾಕ್ಟರುಗಳ ಸಂಘ 2019ರಲ್ಲಿ ಅದೇ ನೋವಿಗೆ ಬೇಕಿದ್ದರೆ ಮಾಡಿಸಬಹುದು ಅಂದಿತು. ಅದೇ ಸಂಘ ಮೊಣಕಾಲಿಗೆ ಗ್ಲುಕೋಸಮೈನ್ ಮಾತ್ರೆ ಬೇಡವೇ ಬೇಡ ಎಂದು ಗಟ್ಟಿಯಾಗಿ ಹೇಳಿದೆ. ನಮ್ಮ ಕಡೆ ಎಷ್ಟು ಜನ ತಿಂಗಳಿಗೆ ಸಾವಿರ ರೂಪಾಯಿ ಆ ಮಾತ್ರೆಗೆ ಹಾಕುತ್ತಿದ್ದಾರೆ ನೋಡಿ. ಸೂಜಿಯ ಬಿಂದು ನಿಜವೋ ಸುಳ್ಳೋ, ನೋವು ತಿನ್ನುವ ಮನುಷ್ಯನಿಗೆ ಶೇ. 29ಕ್ಕೂ 51ಕ್ಕೂ ಇರುವ ವ್ಯತ್ಯಾಸ ದೊಡ್ಡದು.

ಲೆಕ್ಕದ ಮೇಷ್ಟ್ರು:
ಆ ವ್ಯತ್ಯಾಸ ಆರೈಕೆಯದು. ಅರ್ಧ ಗಂಟೆ ಒಬ್ಬರು ಪಕ್ಕದಲ್ಲಿ ಕೂತು ವಿಚಾರಿಸಿದರೆ ಯಾರಿಗಾದರೂ ಹಗುರ ಅನಿಸುತ್ತದೆ. ಅದನ್ನು ಸೂಜಿ ಹೆಸರಲ್ಲಿ ಮಾರಬೇಡಿ ಎನ್ನುವುದು ನನ್ನ ವಾದ.

ಕರಾವಳಿ ಅಕ್ಕ:
ಮೇಷ್ಟ್ರೇ, ನನಗೆ ಮೆಟ್ಟಿಲು ಇಳಿಯಲು ಆಯಿತು. ಅದು ಆರೈಕೆಯಿಂದ ಬಂದರೂ ನನಗೆ ಬೇಕಾದದ್ದೇ.

ಹುಬ್ಬಳ್ಳಿ ಸಿಸ್ಟರ್:
ಎಲ್ಲರೂ ಮೊಣಕಾಲಿನ ಬಗ್ಗೆ ಮಾತಾಡುತ್ತಿದ್ದೀರಿ. ಅಣ್ಣ ಬರೆದ ಬೆರಳಿನ ಮಾತು ಯಾರೂ ನೋಡಲಿಲ್ಲ. ನಾನು 19 ವರ್ಷದಿಂದ ನರ್ಸ್. ಆ ಸಾಲು ಓದಿ ನನಗೆ ಗಾಬರಿ ಆಯಿತು.

ಮೊಣಕಾಲು ಸವೆತದ ಬಿಗಿತ ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಬಿಡುತ್ತದೆ, ಹೆಚ್ಚೆಂದರೆ ಅರ್ಧ ಗಂಟೆ. ಅವ್ವಾರದು ಹತ್ತು ಗಂಟೆವರೆಗೆ ಇರುತ್ತದೆ ಅಂತೀರಿ. ಎರಡೂ ಕೈಯ ಬೆರಳಾ? ಬುಡದ ಗೆಣ್ಣು, ನಡುವಿನ ಗೆಣ್ಣು ಊದಿವೆಯಾ? ಹಾಗಿದ್ದರೆ ಅದು ರುಮಟಾಯ್ಡ್ ಆಗಿರಬಹುದು. ಅದು ಸವೆತ ಅಲ್ಲ. ದೇಹದ ರಕ್ಷಣಾ ಶಕ್ತಿಯೇ ತಿರುಗಿ ಕೀಲಿನ ಒಳಪದರದ ಮೇಲೆ ಬೀಳುತ್ತದೆ. ಬಿಟ್ಟರೆ ಬೆರಳು ಸೊಟ್ಟ ಆಗುತ್ತವೆ, ಮತ್ತೆ ನೆಟ್ಟಗಾಗುವುದಿಲ್ಲ. ಮೊದಲ ತಿಂಗಳುಗಳಲ್ಲೇ ಔಷಧಿ ಶುರು ಮಾಡಿದರೆ ಕೈ ಉಳಿಯುತ್ತದೆ.

ಸೂಜಿ ಚುಚ್ಚಿಸಿ, ಎಣ್ಣೆ ಹಚ್ಚಿಸಿ, ನನ್ನ ತಕರಾರಿಲ್ಲ. ಮೊದಲು ರಕ್ತ ಪರೀಕ್ಷೆ ಮಾಡಿಸಿ. ಇಎಸ್‌ಆರ್, ಸಿಆರ್‌ಪಿ, ಆರ್‌ಎ ಫ್ಯಾಕ್ಟರ್, ಆಂಟಿ ಸಿಸಿಪಿ. ಮೂಳೆ ಡಾಕ್ಟರ್ ಬೇರೆ, ಕೀಲು ವಾತದ ಡಾಕ್ಟರ್ ಬೇರೆ. ರುಮಟಾಲಜಿಸ್ಟ್ ಅಂತ ಕೇಳಿ ಹೋಗಿ. ಇಷ್ಟು ವರ್ಷ ನೋವಿನ ಮಾತ್ರೆ ನುಂಗಿದ್ದಾರೆ, ಕಿಡ್ನಿಗೆ ಕ್ರಿಯಾಟಿನಿನ್ ಪರೀಕ್ಷೆಯೂ ಆಗಲಿ.

ರಾಣೇಬೆನ್ನೂರು ಹುಡುಗ:
ಸಿಸ್ಟರ್, ಈಗ ಫೋನ್ ಮಾಡಿ ಕೇಳಿದೆ. ಎರಡೂ ಕೈ. ಬುಡದ ಗೆಣ್ಣು ಊದಿವೆಯಂತೆ. ಉಂಗುರ ಬಿಗಿಯಾಗಿ ಸೋಪು ಹಚ್ಚಿ ತೆಗೆದಳಂತೆ. ನನಗೆ ಹೇಳಿರಲೇ ಇಲ್ಲ.

ಹುಬ್ಬಳ್ಳಿ ಸಿಸ್ಟರ್:
ಈ ವಾರವೇ ಕರೆದುಕೊಂಡು ಹೋಗಿ ಅಣ್ಣಾ.

ಮೈಸೂರು ಬಿಎಎಂಎಸ್:
ಸಿಸ್ಟರ್ ಹೇಳಿದ್ದನ್ನೇ ನಮ್ಮ ಕಡೆಯಿಂದಲೂ ಹೇಳುತ್ತೇನೆ. ನಾನು ಆಯುರ್ವೇದ ಕೊನೆಯ ವರ್ಷ. ಜನ ಎಲ್ಲಾ ಕೀಲು ನೋವಿಗೂ ವಾತ ಅನ್ನುತ್ತಾರೆ. ಆದರೆ ಆಯುರ್ವೇದದಲ್ಲೇ ಇವು ಬೇರೆ ಬೇರೆ. ಸವೆತಕ್ಕೆ ಸಂಧಿಗತ ವಾತ, ಊದಿ ಬಿಗಿಯುವುದಕ್ಕೆ ಆಮವಾತ, ಯೂರಿಕ್ ಆಸಿಡ್ ಥರದ್ದಕ್ಕೆ ವಾತರಕ್ತ.

ಸಂಧಿಗತ ವಾತಕ್ಕೆ ಎಣ್ಣೆ ಒಳ್ಳೆಯದು. ಜಾನುಬಸ್ತಿ ಅಂತ ಮಾಡುತ್ತೇವೆ. ಉದ್ದಿನ ಹಿಟ್ಟು ಕಲಸಿ ಮೊಣಕಾಲಿನ ಸುತ್ತ ಕಟ್ಟೆ ಕಟ್ಟಿ, ಒಳಗೆ ಉಗುರುಬೆಚ್ಚಗಿನ ತೈಲ ತುಂಬಿ ಅರ್ಧ ಗಂಟೆ ಬಿಡುವುದು. ಆದರೆ ಆಮವಾತ ಜೋರಾಗಿರುವಾಗ ಎಣ್ಣೆ ಹಚ್ಚಿ ತಿಕ್ಕಬಾರದು ಎಂಬುದೇ ನಮ್ಮ ಪಾಠ. ಆಗ ಒಣ ಶಾಖ ಕೊಡಬೇಕು, ಹುರಿದ ಮರಳಿನ ಗಂಟಿನಿಂದ. ಮನೆಯಲ್ಲಿ ಊದಿದ ಬೆರಳಿಗೆ ಎಣ್ಣೆ ಹಾಕಿ ಗಸಗಸ ತಿಕ್ಕುತ್ತಾರೆ, ನೋವು ಜಾಸ್ತಿ ಆಗುತ್ತದೆ. ಆಮೇಲೆ ಆಯುರ್ವೇದಕ್ಕೆ ಬಯ್ಯುತ್ತಾರೆ.

ಮಲೆನಾಡ ಮಳೆ:
ನಮ್ಮಲ್ಲಿ ಲಕ್ಕಿ ಸೊಪ್ಪಿನ ಸ್ನಾನ. ಒಂದು ಹಿಡಿ ಸೊಪ್ಪು ಹಂಡೆಗೆ ಹಾಕಿ ಕುದಿಸಿ ಆ ನೀರು ಹೊಯ್ದುಕೊಳ್ಳುವುದು. ಗದ್ದೆ ನಟ್ಟಿ ಮುಗಿಸಿ ಬಂದ ದಿನ ಅಜ್ಜಿಗೆ ಅದು ಬೇಕೇ ಬೇಕಿತ್ತು. ಎಕ್ಕದ ಎಲೆ ಬಗ್ಗೆ ಒಂದು ಎಚ್ಚರಿಕೆ. ಹಾಲು ಸೋರುವ ಎಲೆ ಕಟ್ಟಬೇಡಿ, ಚರ್ಮ ಬೊಬ್ಬೆ ಬರುತ್ತದೆ. ಎಲೆ ಕಿತ್ತ ಕೈಯಲ್ಲಿ ಕಣ್ಣು ಉಜ್ಜಿಕೊಂಡರೆ ಕಣ್ಣಿಗೇ ಅಪಾಯ. ನಮ್ಮ ಚಿಕ್ಕಪ್ಪನಿಗೆ ಹಾಗೇ ಆಗಿ ಒಂದು ವಾರ ಕಣ್ಣು ಬಿಡಲಿಲ್ಲ.

ಬೇವುಬೆಲ್ಲ:
ಸುಮ್ನೆ ಇಷ್ಟೆಲ್ಲಾ ಯಾಕೆ? ನಮ್ಮ ಕಡೆ ಒಬ್ಬರು ನಾಟಿ ವೈದ್ಯರು ಪುಡಿ ಕೊಡುತ್ತಾರೆ. ಮೂರು ದಿನಕ್ಕೆ ನೋವು ಮಾಯ. ನಮ್ಮ ದೊಡ್ಡಮ್ಮ ಹಾಸಿಗೆಯಿಂದ ಎದ್ದು ಓಡಾಡಿದರು. ಬೇಕಿದ್ದರೆ ವಿಳಾಸ ಕೊಡುತ್ತೇನೆ.

ಹುಬ್ಬಳ್ಳಿ ಸಿಸ್ಟರ್:
ಮೂರು ದಿನಕ್ಕೆ ಮಾಯ ಆದರೆ ಅದರಲ್ಲಿ ಸ್ಟೀರಾಯ್ಡ್ ಇರಬಹುದು. ದೊಡ್ಡಮ್ಮನ ಮುಖ ದುಂಡಗೆ ಊದಿದೆಯಾ? ಹಸಿವು ಜಾಸ್ತಿ ಆಗಿದೆಯಾ? ಶುಗರ್ ಏರಿದೆಯಾ?

ಬೇವುಬೆಲ್ಲ:
ಮುಖ ತುಂಬಿಕೊಂಡಿದೆ. ಆರೋಗ್ಯ ಬಂತು ಅಂದುಕೊಂಡಿದ್ದೆವು. ಶುಗರ್ ಹೋದ ತಿಂಗಳು ಹೊಸದಾಗಿ ಬಂದಿದೆ ಅಂದರು. ಆದರೆ ಗಿಡಮೂಲಿಕೆ ಪುಡಿಯಲ್ಲಿ ಸ್ಟೀರಾಯ್ಡ್ ಹೇಗೆ ಬರುತ್ತದೆ?

ದಾವಣಗೆರೆ ಬೆಣ್ಣೆ:
ಮಾತ್ರೆ ಅರೆದು ಬೆರೆಸುತ್ತಾರೆ. ನನ್ನ ತಂದೆ ಎರಡು ವರ್ಷ ಇಂಥದ್ದೇ ಪುಡಿ ತಿಂದರು. ಪೊಟ್ಟಣದ ಮೇಲೆ ಹೆಸರಿಲ್ಲ, ಲೈಸೆನ್ಸ್ ನಂಬರ್ ಇಲ್ಲ. ದೇವರು ಬಂದ ಹಾಗೆ ಗುಣ ಆಯಿತು. ಒಂದು ದಿನ ಬಚ್ಚಲಲ್ಲಿ ಜಾರಿದರು, ಅಷ್ಟಕ್ಕೇ ಸೊಂಟದ ಮೂಳೆ ಮುರಿಯಿತು. ಮೂಳೆ ಹಪ್ಪಳದ ಹಾಗೆ ಆಗಿತ್ತು. ಪುಡಿ ಲ್ಯಾಬಿಗೆ ಕೊಟ್ಟು ನೋಡಿದಾಗ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಇತ್ತು. ಅಪ್ಪ ಆಮೇಲೆ ಏಳಲೇ ಇಲ್ಲ. ದಯವಿಟ್ಟು ವಿಳಾಸ ಹಂಚಬೇಡಿ.

ಹುಬ್ಬಳ್ಳಿ ಸಿಸ್ಟರ್:
ತಂದೆಯವರ ವಿಷಯ ಓದಿ ತುಂಬಾ ಸಂಕಟ ಆಯಿತು. ಬೇವುಬೆಲ್ಲ ಅವರೇ, ಇನ್ನೊಂದು ಮಾತು. ಪುಡಿಯನ್ನು ಇವತ್ತೇ ದಿಢೀರಂತ ನಿಲ್ಲಿಸಬೇಡಿ. ಹೊರಗಿನಿಂದ ಸ್ಟೀರಾಯ್ಡ್ ಸಿಗುತ್ತಿದ್ದರೆ ದೇಹ ತನ್ನದನ್ನು ತಯಾರಿಸುವುದು ನಿಲ್ಲಿಸಿರುತ್ತದೆ. ಒಮ್ಮೆಗೇ ಬಿಟ್ಟರೆ ಬಿಪಿ ಇಳಿದು ಪ್ರಾಣಕ್ಕೆ ಬರಬಹುದು. ಪುಡಿ ಕೈಯಲ್ಲಿ ಹಿಡಿದುಕೊಂಡೇ ನಾಳೆ ಫಿಸಿಶಿಯನ್ ಹತ್ತಿರ ಹೋಗಿ. ಅವರು ಹಂತ ಹಂತವಾಗಿ ಇಳಿಸುತ್ತಾರೆ.

ಬೇವುಬೆಲ್ಲ:
ಆಯಿತು ಸಿಸ್ಟರ್. ನಾಳೆ ಬೆಳಿಗ್ಗೆಯೇ ಹೊರಡುತ್ತೇವೆ.

ವಿಜಯಪುರದ ಗಾಳಿ:
ನಮ್ಮಲ್ಲೇ ಇಷ್ಟು ಔಷಧಿ ಇರುವಾಗ ಚೀನಾದ ಸೂಜಿ ಯಾಕೆ ಬೇಕು?

ಗುಮ್ಮಟದ ನೆರಳು:
ಹಾಗೆ ಹೇಳಬೇಡಿ. ನಮ್ಮ ಪಕ್ಕದ ಸೊಲ್ಲಾಪುರದ ಡಾಕ್ಟರ್ ದ್ವಾರಕಾನಾಥ ಕೋಟ್ನಿಸ್ ಚೀನಾದ ಗಾಯಾಳುಗಳ ಸೇವೆ ಮಾಡುತ್ತಲೇ 1942ರಲ್ಲಿ ಅಲ್ಲೇ ತೀರಿಕೊಂಡರು. 1938ರಲ್ಲಿ ಭಾರತದಿಂದ ಹೋದ ಐದು ಡಾಕ್ಟರುಗಳಲ್ಲಿ ಅವರೊಬ್ಬರು. ಅದೇ ತಂಡದ ಬಿ.ಕೆ. ಬಸು ಎಂಬ ಬಂಗಾಳಿ ಡಾಕ್ಟರ್ ಮುಂದೆ ಮತ್ತೆ ಚೀನಾಕ್ಕೆ ಹೋಗಿ ಸೂಜಿ ವಿದ್ಯೆ ಕಲಿತು, 1959ರ ಹೊತ್ತಿಗೆ ಕೋಲ್ಕತ್ತಾದಲ್ಲಿ ಶುರು ಮಾಡಿದರು. ಭಾರತಕ್ಕೆ ಅಕ್ಯುಪಂಕ್ಚರ್ ಬಂದದ್ದು ಹಾಗೆ. ಇಂಥ ಸ್ನೇಹದಿಂದ ಬಂದ ವಿದ್ಯೆಗೆ ಪರದೇಶದ್ದು ಅಂತ ಬಾಗಿಲು ಹಾಕುವುದು ನನಗೆ ಸರಿ ಕಾಣುವುದಿಲ್ಲ.

ಗಡಿನಾಡ ಗಣಿ:
ವಿದ್ಯೆ ಒಳ್ಳೆಯದಿರಬಹುದು, ಮಾಡುವವರು ಯಾರು ಎನ್ನುವುದು ಪ್ರಶ್ನೆ. ನಮ್ಮಪ್ಪನಿಗೆ ಚುಚ್ಚಿದವರು ಹದಿನೈದು ದಿನದ ಕೋರ್ಸ್ ಮಾಡಿದವರು ಅಂತ ಆಮೇಲೆ ಗೊತ್ತಾಯಿತು.

ಕರಾವಳಿ ಅಕ್ಕ:
ಅದಕ್ಕೇ ನಾನು ಬಿಎನ್‌ವೈಎಸ್ ಓದಿದವರ ಹತ್ತಿರ ಹೋದದ್ದು. ಅದು ಐದೂವರೆ ವರ್ಷದ ಪ್ರಕೃತಿ ಚಿಕಿತ್ಸೆ ಪದವಿ, ಅಕ್ಯುಪಂಕ್ಚರ್ ಅವರ ಪಾಠದಲ್ಲೇ ಇದೆ. ನಮ್ಮ ಉಜಿರೆಯ ಎಸ್‌ಡಿಎಂ ಕಾಲೇಜಿನಲ್ಲಿ ಆ ಪದವಿ ಇದೆ. ತಮ್ಮಾ, ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಒಡೆಯಬೇಕು, ಕೆಲಸ ಮುಗಿದ ಮೇಲೆ ಎಸೆಯಬೇಕು. ಒಬ್ಬರಿಗೆ ಹಾಕಿದ್ದು ಇನ್ನೊಬ್ಬರಿಗೆ ಹಾಕಿದರೆ ಹೆಪಟೈಟಿಸ್ ಬಿ ಎಂಬ ಕಾಮಾಲೆ ಬರಬಹುದು. ಅವ್ವ ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ಹೇಳಿ.

ಪಾವಗಡ ಬಿಸಿಲು:
ಇಲ್ಲಿ ಯಾರೂ ನೀರಿನ ಮಾತು ಎತ್ತಲಿಲ್ಲ. ನಮ್ಮ ತಾಲ್ಲೂಕಿನಲ್ಲಿ ನಲವತ್ತಕ್ಕೇ ಕೀಲು ಹಿಡಿಯುತ್ತದೆ. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತಾರೆ, ನಮ್ಮ ಎಷ್ಟೋ ಬೋರ್‌ಗಳಲ್ಲಿ ಅದು ದಾಟಿದೆ. ವರ್ಷಗಟ್ಟಲೆ ಕುಡಿದರೆ ಮೂಳೆಯಲ್ಲಿ ಸೇರಿ ಬೆನ್ನು, ಕುತ್ತಿಗೆ, ಕೀಲು ಬಿಗಿಯುತ್ತವೆ. ನಮ್ಮ ಅಜ್ಜ ಹಿಂದೆ ತಿರುಗಿ ನೋಡಬೇಕಾದರೆ ಇಡೀ ಮೈ ತಿರುಗಿಸುತ್ತಿದ್ದರು. ಅವರಿಗೆ ಎಷ್ಟು ಎಣ್ಣೆ, ಎಷ್ಟು ಲೇಪ, ಎಷ್ಟು ಹರಕೆ! ಕುಡಿಯುವ ನೀರು ಬದಲಿಸಬೇಕು ಎಂದು ಒಬ್ಬರೂ ಹೇಳಲಿಲ್ಲ. ಕೋಲಾರ, ಚಿಕ್ಕಬಳ್ಳಾಪುರ, ಗದಗದ ಮುಂಡರಗಿ ಕಡೆಯವರೂ ನೀರು ಪರೀಕ್ಷೆ ಮಾಡಿಸಿ. ಶುದ್ಧ ನೀರಿನ ಘಟಕ ಕೆಟ್ಟು ನಿಂತಿದ್ದರೆ ಪಂಚಾಯಿತಿ ಮುಂದೆ ಕೂತು ರಿಪೇರಿ ಮಾಡಿಸಿ.

ತಿಪಟೂರು ತೆಂಗು:
ನಮಗೆ ಚಿಕೂನ್‌ಗುನ್ಯಾ ನೆನಪು. 2006ರಲ್ಲಿ ನಮ್ಮ ಊರಲ್ಲಿ ಮನೆಗೆ ಇಬ್ಬರಾದರೂ ಮಲಗಿದ್ದರು. ಜ್ವರ ನಾಲ್ಕು ದಿನ, ಕೀಲು ನೋವು ಒಂದು ವರ್ಷ. ನಮ್ಮಮ್ಮ ಕುಂಟುತ್ತಲೇ ಹಾಲು ಕರೆದರು.

ಹೊಸಕೋಟೆ ರಾಗಿ:
ಪುತ್ತೂರು ಕಟ್ಟು ಹಾಕಿಸಿ ನೋಡಬಹುದಲ್ವಾ?

ಸುಳ್ಯದ ಅಡಿಕೆ:
ನಾನು ಪುತ್ತೂರು ಪಕ್ಕದವನೇ. ಇಲ್ಲಿ ಅಂಥ ಕಟ್ಟು ನಾನು ಕೇಳಿಲ್ಲ?

ಹೊಸಕೋಟೆ ರಾಗಿ:
ನಿಮ್ಮ ಪುತ್ತೂರಲ್ಲ ಅಣ್ಣಾ. ಆಂಧ್ರದ್ದು, ತಿರುಪತಿ ಕಡೆ. ಬೆಂಗಳೂರಿನಲ್ಲಿ ಆ ಹೆಸರಿನ ಬೋರ್ಡ್ ಬೀದಿಗೊಂದು ಇವೆ.

ಮೈಸೂರು ಬಿಎಎಂಎಸ್:
ಅದು ಮುರಿದ ಮೂಳೆಗೆ, ಉಳುಕಿಗೆ ಹಾಕುವ ಕಟ್ಟು. ಊದಿದ ಕೀಲನ್ನು ವಾರಗಟ್ಟಲೆ ಬಿಗಿದು ಕಟ್ಟಿದರೆ ಇನ್ನೂ ಮರಗಟ್ಟುತ್ತದೆ. ಇವರಿಗೆ ಬೇಡ.

ಫಿಸಿಯೊ ಮೈಸೂರು:
ತಡವಾಗಿ ಬಂದೆ. ಮೊಣಕಾಲಿನ ಮಟ್ಟಿಗೆ ದುಡ್ಡಿಲ್ಲದ ಔಷಧಿ ಹೇಳುತ್ತೇನೆ. ಕುರ್ಚಿ ಮೇಲೆ ಕೂತು ಒಂದು ಕಾಲು ನೇರ ಎತ್ತಿ, ತೊಡೆ ಬಿಗಿ ಮಾಡಿ ಹತ್ತು ಎಣಿಸಿ ಇಳಿಸುವುದು. ಒಂದು ಕಾಲಿಗೆ ಹತ್ತು ಸಲ, ಬೆಳಿಗ್ಗೆ ಸಂಜೆ. ತೊಡೆಯ ಸ್ನಾಯು ಗಟ್ಟಿಯಾದರೆ ಮೊಣಕಾಲಿನ ಹೊರೆ ಅದು ಹೊರುತ್ತದೆ. ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲೆ ನಾಲ್ಕು ಕಿಲೋ ಭಾರ ಕಡಿಮೆ. ಇದಕ್ಕೆ ಆಧಾರ ಸೂಜಿಗಿಂತ ಗಟ್ಟಿ. ಆದರೆ ನನ್ನ ಹತ್ತಿರ ಬರುವ ಹತ್ತರಲ್ಲಿ ಎಂಟು ಜನ ವಾರಕ್ಕೇ ಬಿಡುತ್ತಾರೆ, ಅದೇ ನನಗೆ ಬೇಜಾರು. ನೆಲದ ಮೇಲೆ ಕೂತು ರೊಟ್ಟಿ ಬಡಿಯುವುದು ಬೇಡ, ಕಟ್ಟೆ ಎತ್ತರಿಸಿ ನಿಂತು ಬಡಿಯಲಿ. ಎರಡು ಇಟ್ಟಿಗೆ ಮೇಲೆ ಒಲೆ ಇಟ್ಟರೂ ಸಾಕು.

ಲೆಕ್ಕದ ಮೇಷ್ಟ್ರು:
ಇದು ನಾನು ಒಪ್ಪುವ ಮಾತು. ನಾನೂ ಇವತ್ತಿನಿಂದ ಕಾಲು ಎತ್ತುತ್ತೇನೆ.

ರಾಣೇಬೆನ್ನೂರು ಹುಡುಗ:
ಹದಿನೆಂಟು ದಿನದ ನಂತರ ಬರೆಯುತ್ತಿದ್ದೇನೆ, ಕ್ಷಮಿಸಿ. ಸಿಸ್ಟರ್ ಹೇಳಿದ್ದೇ ನಿಜ ಆಯಿತು. ಆಂಟಿ ಸಿಸಿಪಿ ಪಾಸಿಟಿವ್. ಬೆರಳಿನದ್ದು ರುಮಟಾಯ್ಡ್, ಮೊಣಕಾಲಿನದ್ದು ಸವೆತ. ಎರಡೂ ಒಟ್ಟಿಗೆ. ಕ್ರಿಯಾಟಿನಿನ್ ಸ್ವಲ್ಪ ಮೇಲಿದೆ. ನೋವಿನ ಮಾತ್ರೆ ಪೂರ್ತಿ ಬಂದ್ ಮಾಡಿಸಿದರು, ಮೊಣಕಾಲಿಗೆ ಹಚ್ಚುವ ಜೆಲ್ ಕೊಟ್ಟರು. ಬೆರಳಿಗೆ ಮೆಥೋಟ್ರೆಕ್ಸೇಟ್, ಕಿಡ್ನಿ ನೋಡಿಕೊಂಡು ಕಡಿಮೆ ಡೋಸ್‌ನಲ್ಲಿ ಶುರು. ಗುಣ ಕಾಣಲು ಎರಡು ಮೂರು ತಿಂಗಳು ಬೇಕಂತೆ. ನಡುನಡುವೆ ರಕ್ತ ಪರೀಕ್ಷೆ.

ಅಕ್ಯುಪಂಕ್ಚರ್ ಬಗ್ಗೆ ಡಾಕ್ಟರಿಗೆ ಕೇಳಿದೆ. ಮೊಣಕಾಲಿಗೆ ಬೇಕಿದ್ದರೆ ಮಾಡಿಸಿ, ಊದಿದ ಬೆರಳಿಗೆ ಬೇಡ, ಮಾತ್ರೆ ಮಾತ್ರ ಬಿಡಬಾರದು ಅಂದರು. ಎರಡು ಸಿಟಿಂಗ್ ಆಗಿದೆ. ಸೂಜಿ ಪೊಟ್ಟಣ ನನ್ನೆದುರೇ ಒಡೆದರು ಅಕ್ಕಾ. ಅವ್ವ ಆ ರಾತ್ರಿ ಎಚ್ಚರ ಆಗದೆ ಮಲಗಿದಳು. ಗುಣ ಅಂತ ಈಗಲೇ ಹೇಳಲಾರೆ. ಕುರ್ಚಿ ಮೇಲೆ ಕೂತು ಕಾಲು ಎತ್ತುವುದನ್ನು ಮೊಮ್ಮಗಳ ಜತೆ ಮಾಡುತ್ತಿದ್ದಾಳೆ.

ದಾವಣಗೆರೆ ಬೆಣ್ಣೆ:
ಒಳ್ಳೆಯ ಸುದ್ದಿ. ಮೆಥೋಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ, ನೆನಪಿರಲಿ.

ಹುಬ್ಬಳ್ಳಿ ಸಿಸ್ಟರ್:
ಇದನ್ನು ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿ. ದಿನಾ ನುಂಗಿ ಬಾಯಿ ತುಂಬಾ ಹುಣ್ಣಾಗಿ, ರಕ್ತಕಣ ಇಳಿದು ಐಸಿಯುಗೆ ಬಂದವರನ್ನು ನಾನು ನೋಡಿದ್ದೇನೆ. ಫೋಲಿಕ್ ಆಸಿಡ್ ಮಾತ್ರೆ ಬೇರೆ ದಿನ. ಎರಡೂ ಹಳದಿ ಬಣ್ಣದವೇ ಇರುತ್ತವೆ ಎಷ್ಟೋ ಸಲ, ಒಂದೇ ಡಬ್ಬಿಯಲ್ಲಿ ಇಡಬೇಡಿ.

ರಾಣೇಬೆನ್ನೂರು ಹುಡುಗ:
ಅವ್ವನಿಗೆ ಓದಲು ಬರುವುದಿಲ್ಲ ಸಿಸ್ಟರ್. ಅದಕ್ಕೇ ಶನಿವಾರ ಅಂತ ಮಾಡಿದ್ದೇವೆ. ಶನಿವಾರ ಹನುಮಪ್ಪನ ಗುಡಿಗೆ ಹೋಗುವುದನ್ನು ಅವಳು ಯಾವತ್ತೂ ತಪ್ಪಿಸಿಲ್ಲ. ಗುಡಿಯಿಂದ ಬಂದು ಊಟ ಮಾಡಿ ಮಾತ್ರೆ. ತಂಗಿ ಫೋನ್ ಮಾಡಿ ಕೇಳುತ್ತಾಳೆ.

ಮಲೆನಾಡ ಮಳೆ:
ಲಕ್ಕಿ ಗಿಡದ ಕಡ್ಡಿ ಕಳಿಸಲಾ? ನೆಟ್ಟರೆ ಹತ್ತುತ್ತದೆ.

ರಾಣೇಬೆನ್ನೂರು ಹುಡುಗ:
ಬೇಡಣ್ಣ, ನಮ್ಮ ಹಳ್ಳದ ದಂಡೆಯಲ್ಲೇ ಬೇಕಾದಷ್ಟು ಇದೆಯಂತೆ. ಲಕ್ಕಿ ತಪ್ಪಲು ಅಂದ ಕೂಡಲೇ ಅವ್ವ ಹೇಳಿದಳು.

ಬೇವುಬೆಲ್ಲ:
ದೊಡ್ಡಮ್ಮನ ಪುಡಿ ಇಳಿಸುತ್ತಿದ್ದಾರೆ. ನೋವು ಮತ್ತೆ ಬಂದಿದೆ, ಬಯ್ಯುತ್ತಿದ್ದಾರೆ. ಆದರೂ ನಿಲ್ಲಿಸುವುದಿಲ್ಲ. ಪುಡಿ ಕೊಟ್ಟವರ ಮೇಲೆ ಔಷಧ ನಿಯಂತ್ರಣ ಇಲಾಖೆಗೆ ದೂರು ಬರೆದಿದ್ದೇನೆ.

ಚಿತ್ರದುರ್ಗ ಕಲ್ಲು:
ಇಡೀ ಚರ್ಚೆ ಈಗ ಓದಿದೆ. ನನ್ನ ಹೆಂಡತಿಗೆ 38. ಮಗು ಆದ ಮೇಲೆ ಬೆಳಿಗ್ಗೆ ಬೆರಳು ಬಿಗಿಯುತ್ತದೆ ಅನ್ನುತ್ತಾಳೆ. ಬಾಣಂತಿ ವಾತ ಅಂತ ಮನೆಯಲ್ಲಿ ಬಿಸಿ ಎಣ್ಣೆ ತಿಕ್ಕುತ್ತಿದ್ದಾರೆ. ಯಾವ ಪರೀಕ್ಷೆ ಮೊದಲು?

ಹುಬ್ಬಳ್ಳಿ ಸಿಸ್ಟರ್:
ಎಷ್ಟು ಹೊತ್ತು ಬಿಗಿ ಇರುತ್ತದೆ ಅಂತ ಅವರನ್ನೇ ಕೇಳಿ ಹೇಳಿ ಅಣ್ಣಾ. ಮಗುವಿಗೆ ಹಾಲು ಕುಡಿಸುತ್ತಿದ್ದಾರಾ? ಅದನ್ನೂ ಹೇಳಿ, ಔಷಧಿ ಅದರ ಮೇಲೆ ಬೇರೆ ಆಗುತ್ತದೆ.